ನೀಲಿ ಇಳಿದ ದಾರಿ

ತೊಂಬತ್ತರ ದಶಕದ ಆರಂಭದಲ್ಲಿ, ಹೆಚ್ಚುಕಡಿಮೆ ಎರಡು ವರ್ಷ, ಹನಿ ಬೀಳುವುದನ್ನು ಕಾಯುವುದೇ ನನ್ನ ಕೆಲಸವಾಗಿತ್ತು.

ಗಂಡನಿಗೆ ಬ್ಯಾಂಕಿನಲ್ಲಿ ವಿಜಯವಾಡಕ್ಕೆ ವರ್ಗವಾಗಿತ್ತು. ಧಾರವಾಡದಲ್ಲಿ ಮಣ್ಣಿನ ವಿಷಯ ಓದಿ ಎಂ.ಎಸ್ಸಿ. ಮಾಡಿಕೊಂಡಿದ್ದ ನನಗೆ ಮನೆಯಲ್ಲಿ ಕೂತು ಕೂತು ಬೇಸರ ಬಂದು, ಕೃಷ್ಣೆಯ ಆಚೆ ದಡದ ಒಂದು ಸಣ್ಣ ಪ್ರಯೋಗಾಲಯಕ್ಕೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿದೆ. ಬೆಂಜ್ ಸರ್ಕಲ್ ಹಿಂದಿನ ಬಾಡಿಗೆ ಮನೆಯಿಂದ ಬೆಳಿಗ್ಗೆ ಹೊರಟು, ಬಸ್ಸಿನ ಕಿಟಕಿಗೆ ತಲೆ ಆನಿಸಿ ಬ್ಯಾರೇಜು ದಾಟುತ್ತಿದ್ದೆ. ಕೆಳಗೆ ನದಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ಆಳೆತ್ತರದ ಗಾಜಿನ ಕೊಳವೆಗಳು ಸಾಲಾಗಿ ನಿಂತಿದ್ದವು. ಸುತ್ತಲಿನ ಹೊಲಗಳ ಕಪ್ಪು ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಅವುಗಳಲ್ಲಿ ತುಂಬಬೇಕು. ಮೇಲಿನಿಂದ ಕಳೆನಾಶಕ ಬೆರೆಸಿದ ನೀರು ಹೊಯ್ಯಬೇಕು. ಕೆಳಗೆ ಇಳಿದು ಬಂದ ಹನಿಗಳನ್ನು ಸೀಸೆಯಲ್ಲಿ ಹಿಡಿಯಬೇಕು. ಕಪ್ಪು ಮಣ್ಣಿನಲ್ಲಿ ನೀರು ಇಳಿಯುವುದು ತೀರಾ ನಿಧಾನ. ಮಧ್ಯಾಹ್ನದ ಸೆಕೆಯಲ್ಲಿ, ಫ್ಯಾನಿನ ಸದ್ದಿನ ಕೆಳಗೆ, ಕೊಳವೆಯೊಳಗೆ ಒದ್ದೆಯ ಗೆರೆ ಕೂದಲೆಳೆಯಷ್ಟು ಕೆಳಗೆ ಸರಿಯುವುದನ್ನು ನೋಡುತ್ತ ಕೂರುತ್ತಿದ್ದೆ. ಎಷ್ಟೋ ಸಲ ಕಣ್ಣು ಮುಚ್ಚಿಕೊಂಡು ನಾನೇ ಆ ನೀರಾಗಿ, ಕತ್ತಲಲ್ಲಿ ಕಣದಿಂದ ಕಣಕ್ಕೆ ತಡವುತ್ತ ಇಳಿಯುತ್ತಿದ್ದೇನೆ ಅನ್ನಿಸುತ್ತಿತ್ತು.

ಹಿಡಿದ ನೀರನ್ನು ಪರೀಕ್ಷೆಗೆ ವಿಶಾಖಪಟ್ಟಣಕ್ಕೆ ಕಳಿಸುತ್ತಿದ್ದೆವು. ಬೇಕಾದ ಯಂತ್ರ ಇದ್ದದ್ದು ಅಲ್ಲಿ. ಪ್ರತಿ ಸಲವೂ ಉತ್ತರ ಒಂದೇ: ನೀರಿನಲ್ಲಿ ಔಷಧ ಇಲ್ಲವೆನ್ನುವಷ್ಟು. ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ನಮ್ಮ ಅಧಿಕಾರಿಗಳಿಗೆ ಅದರಿಂದ ಸಂತೋಷ. ಅವರ ತಾಯಿ ರಾಯಚೂರಿನವರು, ತಂದೆ ತೆಲುಗರು, ಹಾಗಾಗಿ ಅವರ ಕನ್ನಡಕ್ಕೆ ಅವರದೇ ರುಚಿ ಇತ್ತು.

“ನಿಮ್ಮ ಎರೆ ಮಣ್ಣು, ನಮ್ಮ ರೇಗಡಿ, ಎರಡೂ ಒಂದೇ ಕದಮ್ಮಾ. ಒಳಗೆ ಬಂದಿದ್ದನ್ನ ಹಿಡ್ಕೊಂಡು ಬಿಡ್ತದೆ. ಬಾವಿ ತನಕ ಹೋಗಕ್ಕೆ ಬಿಡೋದಿಲ್ಲ,” ಎನ್ನುತ್ತಿದ್ದರು.

ನಾವು ಮಣ್ಣು ತರುತ್ತಿದ್ದದ್ದು ಹತ್ತಿರದ ಒಬ್ಬ ವಿಧವೆಯ ಹೊಲದಿಂದ. ಊರೆಲ್ಲ ಅವರನ್ನು ಪೆದ್ದಮ್ಮ ಎನ್ನುತ್ತಿತ್ತು, ನಮ್ಮಲ್ಲಿ ದೊಡ್ಡಮ್ಮ ಅನ್ನುವ ಹಾಗೆ. ಮೆಕ್ಕೆಜೋಳ ಬೆಳೆಯುತ್ತಿದ್ದರು. ಇಳಿಜಾರಿನ ತಗ್ಗಿನಲ್ಲಿ ಮನೆ, ಮನೆಯ ಮುಂದೆ ಬಾವಿ. ಕಳೆ ತೆಗೆಯಲು ಹೆಂಗಸರು ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲವೆಂದು ಆ ವರ್ಷ ಅಂಗಡಿಯಿಂದ ಕಲುಪು ಮಂದು ತಂದು ಹೊಡೆಸಿದ್ದರು. ಕಳೆನಾಶಕಕ್ಕೆ ತೆಲುಗಿನಲ್ಲಿ ಅದೇ ಮಾತು. ಬಿತ್ತಿದ ಎರಡನೇ ದಿನ ಹೊಡೆದರು, ಮೂರನೇ ದಿನ ಒಂದು ಜೋರು ಮಳೆ ಬಂತು, ಆಮೇಲೆ ಮತ್ತೆ ಬಿಸಿಲು.

ಮೂರು ವಾರದ ನಂತರ ಮಣ್ಣು ತರಲು ಹೋದಾಗ ಪೆದ್ದಮ್ಮ ಬಾವಿಕಟ್ಟೆಯ ಮೇಲೆ ಆರಾಮವಾಗಿ ಕೂತಿದ್ದರು.

“ಈ ವರ್ಷ ಎಮ್ಮೆಗಳ ತೊಟ್ಟಿಗೆ ಪಾಚಿ ಹಿಡಿದೇ ಇಲ್ಲ ಅಮ್ಮಾಯಿ,” ಎಂದರು ತೆಲುಗಿನಲ್ಲಿ. “ವಾರಕ್ಕೊಮ್ಮೆ ತಿಕ್ಕಿ ತಿಕ್ಕಿ ಕೈ ಸೋಲುತ್ತಿತ್ತು. ದೇವರು ಕಣ್ಣು ಬಿಟ್ಟ.”

ಬಾವಿಯಿಂದ ಸೇದಿ ತುಂಬುತ್ತಿದ್ದ ಆ ತೊಟ್ಟಿಯೊಳಗೆ ನಾನು ಕೈ ಇಳಿಬಿಟ್ಟೆ. ಕಲ್ಲಿನ ತಳ ಬೆರಳಿಗೆ ಒರಟಾಗಿ ಸಿಕ್ಕಿತು, ಎಲ್ಲೂ ಜಾರಿಕೆಯಿಲ್ಲ. ಅಷ್ಟು ತಿಳಿಯಾದ ನೀರನ್ನು ನಾನು ಹಳ್ಳಿಯ ತೊಟ್ಟಿಯಲ್ಲಿ ಕಂಡಿರಲಿಲ್ಲ. ಬಿಳಿ ಮೋಡವೊಂದು ಅದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತೇಲಿಹೋಯಿತು. ನೋಡುತ್ತ ನಿಂತವಳಿಗೆ ಮೆಲ್ಲಗೆ ಹೊಳೆಯಿತು: ಆ ಔಷಧ ಕಳೆಯನ್ನು ಸುಡುವುದಿಲ್ಲ, ಹಸಿರು ಎಲೆ ಬೆಳಕಿನಿಂದ ತನ್ನ ಅನ್ನ ಮಾಡಿಕೊಳ್ಳುವುದನ್ನು ನಿಲ್ಲಿಸುತ್ತದೆ. ಪಾಚಿಯೂ ಹಸಿರೇ.

ಸಂಜೆ ಮನೆಯಲ್ಲಿ ಗಂಡ ಕೇಳಿದರು, “ಯಾಕ ಹಿಂಗ ಸುಮ್ನ ಕುಂತಿ?”

“ಪೆದ್ದಮ್ಮನ ಬಾವಿ ನೀರು ಭಾಳ ಚೊಲೋ ಐತ್ರಿ. ಅದಕ್ಕ ಅಂಜಿಕಿ ಬಂದೈತಿ,” ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

ಬಿತ್ತನೆಗೆ ಮುಂಚಿನ ಬೇಸಿಗೆಯಲ್ಲಿ ಅದೇ ಹೊಲದಲ್ಲಿ ನನ್ನ ಪೆನ್ನು ಒಂದು ಬಿರುಕಿನೊಳಗೆ ಬಿದ್ದಿತ್ತು. ಭುಜದವರೆಗೆ ಕೈ ತೂರಿಸಿದರೂ ಸಿಕ್ಕಿರಲಿಲ್ಲ. ಒಳಗಿನಿಂದ ತಣ್ಣನೆಯ ಗಾಳಿ ಅಂಗೈಗೆ ತಾಕಿತ್ತು. ಮರುದಿನ ಅಧಿಕಾರಿಗಳ ಮುಂದೆ ನಿಂತು ಹೇಳಿದೆ, “ಸರ್, ನಾವು ಮಣ್ಣನ್ನ ಕುಟ್ಟಿ ಜರಡಿ ಹಿಡೀತೀವಿ. ಹೊಲದಾಗಿನ ಬಿರುಕು ಒಂದೂ ಕೊಳವೆಯೊಳಗ ಬರೂದಿಲ್ಲರಿ.”

ಅವರು ಎರಡು ದಿನ ಕೊಳವೆಗಳ ಮುಂದೆ ಕೈಕಟ್ಟಿ ಓಡಾಡಿದರು. ಮೂರನೇ ದಿನ ಬಂದು, “ಬಣ್ಣ ಹೊಯ್ದು ನೋಡೋಣಮ್ಮಾ. ಮಣ್ಣಿಗೆ ಅಂಟದ ಬಣ್ಣ ಬೇಕು. ಮಂಗಳಗಿರಿಗೆ ಹೋಗಿಬರ್ರಿ,” ಎಂದರು.

ಮಂಗಳಗಿರಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಒಬ್ಬ ಮುದುಕರು ಸಿಕ್ಕರು. ಮೊಳಕೈವರೆಗೂ ಬಣ್ಣ ಕುಡಿದ ಕೈಗಳು. ನನ್ನ ಬೇಡಿಕೆ ಕೇಳಿ ಅವರಿಗೆ ನಗು ಬಂತು. “ಬಂದವರೆಲ್ಲ ಬಿಡದ ಬಣ್ಣ ಕೇಳುತ್ತಾರೆ. ನೀವೊಬ್ಬರು ಹಿಡಿಯದ ಬಣ್ಣ ಕೇಳಿದಿರಿ,” ಎನ್ನುತ್ತ ಒಳಗಿನಿಂದ ಒಂದು ಡಬ್ಬಿ ತಂದರು. ರೇಷ್ಮೆಗೆ ಹಾಕುವ ನೀಲಿ ಅದು. ಹತ್ತಿ ನೂಲಿಗೆ ಹಾಕಿದರೆ ಒಂದೇ ತೊಳೆತಕ್ಕೆ ಹೊರಟುಹೋಗುತ್ತದಂತೆ. “ಇದನ್ನು ಚೆಲ್ಲಿದ ದಿನ ಮೋರಿಯ ಆ ಕೊನೆಯವರೆಗೂ ನೀಲಿ. ಎಲ್ಲೂ ನಿಲ್ಲುವುದಿಲ್ಲ,” ಎಂದರು.

ಬಿತ್ತದೆ ಬಿಟ್ಟಿದ್ದ ಹೊಲದ ಒಂದು ಮೂಲೆಯಲ್ಲಿ ಬಿರುಕುಗಳು ಇನ್ನೂ ಬಾಯಿ ತೆರೆದಿದ್ದವು. ಅಲ್ಲಿ ಆ ನೀಲಿ ಬೆರೆಸಿದ ನೀರನ್ನು ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಮಳೆಯ ಹಾಗೆ ಚಿಮುಕಿಸಿದೆವು. ಮರುದಿನ ಬೆಳಿಗ್ಗೆ ಇಬ್ಬರು ಕೂಲಿಯವರು ಅದರ ಪಕ್ಕದಲ್ಲೇ ಆಳೆತ್ತರದ ಗುಂಡಿ ತೋಡಿ, ಒಂದು ಗೋಡೆಯನ್ನು ನೇರವಾಗಿ ಸವರಿ ಕೊಟ್ಟರು. ನಾನು ಏಣಿ ಇಟ್ಟು ಇಳಿದೆ.

ಆ ಗೋಡೆ ಈಗಲೂ ನನ್ನ ಕನಸಿಗೆ ಬರುತ್ತದೆ. ಕಪ್ಪು ಮಣ್ಣಿನ ಮೇಲೆ ನೀಲಿ ಗೆರೆಗಳು, ಕೈಯ ನರಗಳ ಹಾಗೆ. ದೊಡ್ಡ ಬಿರುಕಿನಲ್ಲಿ ಒಂದು ದಪ್ಪ ಗೆರೆ ನೆಟ್ಟಗೆ ಇಳಿದಿತ್ತು. ಹೋದ ವರ್ಷದ ಮೆಕ್ಕೆಜೋಳದ ಬೇರು ಕೊಳೆತು ಬಿಟ್ಟಿದ್ದ ಸಣ್ಣ ಸಣ್ಣ ಸುರಂಗಗಳಲ್ಲಿ ದಾರದಂಥ ಗೆರೆಗಳು. ಎರೆಹುಳು ಕೊರೆದ ಒಂದು ತೂತಿನ ಸುತ್ತ ನೀಲಿ ಉಂಗುರ. ಈ ದಾರಿಗಳ ನಡುವಿನ ಮಣ್ಣು ಒಣಗಿದಂತೆಯೇ ಇತ್ತು. ಏನೂ ಕೇಳಿಸಿಕೊಳ್ಳದವರ ಹಾಗೆ. ನಾವು ಕೊಳವೆಗಳಲ್ಲಿ ಇಡೀ ವರ್ಷ ಕಾದ ಇಳಿತ ಇಲ್ಲಿ ಒಂದೇ ರಾತ್ರಿಯಲ್ಲಿ ಮುಗಿದು, ನನ್ನ ಪಾದಕ್ಕಿಂತ ಕೆಳಗೆ ಹೋಗಿತ್ತು. ಅಲ್ಲಿ ತಂಪಾಗಿತ್ತು. ಮೇಲಿನ ಮಾತುಗಳು ಎಲ್ಲಿಂದಲೋ ಕೇಳುತ್ತಿದ್ದವು. ಗೋಡೆಗೆ ಅಂಗೈ ಇಟ್ಟು ಎಷ್ಟು ಹೊತ್ತು ನಿಂತಿದ್ದೆನೋ.

ಪೆದ್ದಮ್ಮ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು. ಅವರಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

“ನಾನು ಹೊಡೆಸಿದ ಮಂದೂ ಹೀಗೇ ಹೋಯಿತಾ ಅಮ್ಮಾಯಿ?”

“ಹೋಗಿರಬಹುದು ಪೆದ್ದಮ್ಮಾ.”

“ನೀರು ಕುಡಿಯಬಹುದಾ?”

“ಪರೀಕ್ಷೆ ಮಾಡಿಸಿ ಹೇಳುತ್ತೇನೆ. ಅಲ್ಲಿಯವರೆಗೆ ಕುಡಿಯಬೇಡಿ.”

ಅಂದು ಮಧ್ಯಾಹ್ನವೇ ಅವರು ಬಿಂದಿಗೆ ಹಿಡಿದು ಊರ ಮುಂದಿನ ಪಂಪಿಗೆ ನಡೆದರು. ಎಮ್ಮೆಗಳನ್ನೂ ಕಾಲುವೆಗೆ ಹೊಡೆದುಕೊಂಡು ಹೋದರು.

ಆ ಹೊತ್ತಿಗೆ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಅವರು ಮುಂದೆ ಹೋಗಿದ್ದರು. ಬಾವಿಯ ನೀರನ್ನು ನಾನೇ ಕಂದು ಸೀಸೆಗಳಲ್ಲಿ ತುಂಬಿ, ಐಸು ಹಾಕಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ರೈಲು ಹತ್ತಿದೆ. ಎದುರಿಗಿದ್ದ ಹೆಂಗಸು ಪೆಟ್ಟಿಗೆಯಲ್ಲಿ ಮೀನಿದೆಯಾ ಎಂದು ಕೇಳಿದರು. ನೀರು ಎಂದೆ. ನೀರನ್ನು ಐಸಿನಲ್ಲಿಟ್ಟು ಒಯ್ಯುವವಳನ್ನು ಅವರು ಗೋದಾವರಿ ದಾಟುವವರೆಗೂ ನೋಡುತ್ತಲೇ ಇದ್ದರು. ಕಿಟಕಿಯಾಚೆ ಗದ್ದೆಗಳು ಮುಗಿಯದೆ ಬರುತ್ತಿದ್ದವು. ಅವುಗಳ ಕೆಳಗೆಲ್ಲ ಯಾವ ಯಾವ ದಾರಿಗಳಿವೆಯೋ ಎಂದುಕೊಳ್ಳುತ್ತ ತೂಕಡಿಸಿದೆ.

ವಿಶಾಖಪಟ್ಟಣದ ಪ್ರಯೋಗಾಲಯದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದಾಕೆ ನನ್ನದೇ ವಯಸ್ಸಿನ ತೆಲುಗು ಹುಡುಗಿ. ಉರುಳುವ ಕಾಗದದ ಮೇಲೆ ಮುಳ್ಳಿನಂಥ ಪೆನ್ನು ಸಪಾಟಾದ ಗೆರೆ ಎಳೆಯುತ್ತ ಹೋಯಿತು. ಬಹಳ ಹೊತ್ತು ಹಾಗೆಯೇ. ಏನೂ ಇಲ್ಲ, ಏನೂ ಇಲ್ಲ ಎಂದು ಮನಸ್ಸು ಗುನುಗುತ್ತಿದ್ದಾಗಲೇ ಪೆನ್ನು ಮೇಲೆದ್ದು, ಒಂದು ಗುಡ್ಡ ಬರೆದು, ಸದ್ದಿಲ್ಲದೆ ಇಳಿಯಿತು.

“ಕಡಿಮೆ ಇದೆ. ಆದರೆ ಇದೆ,” ಎಂದಳು ಆಕೆ.

“ದಿನಾ ಕುಡಿದರೆ ಏನಾಗುತ್ತೆ?”

“ಅದು ಈ ಯಂತ್ರಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ವಾಪಸ್ಸು ಹೋಗಿ ಪೆದ್ದಮ್ಮನಿಗೆ ಫಲಿತಾಂಶ ಹೇಳಿದೆ. ಬಾವಿ ಅವರ ಮಾವನವರು ತೋಡಿಸಿದ್ದು. ತಾನು ಸೊಸೆಯಾಗಿ ಬಂದ ದಿನ ಆ ನೀರಿನಲ್ಲೇ ಕಾಲು ತೊಳೆದು ಒಳಗೆ ಹೋದದ್ದು ಎಂದಷ್ಟೇ ಹೇಳಿದರು. ಮುಂದಿನ ವರ್ಷದಿಂದ ಬಾವಿಯ ಕಡೆಯ ಅರ್ಧ ಹೊಲಕ್ಕೆ ಮಂದು ಹೊಡೆಸುವುದಿಲ್ಲ, ಹೆಂಗಸರನ್ನು ಕಾದಾದರೂ ಕಳೆ ತೆಗೆಸುತ್ತೇನೆ ಎಂದು ತಾವೇ ತೀರ್ಮಾನಿಸಿದರು. ನಮ್ಮ ಅಧಿಕಾರಿಗಳು ವರದಿಯ ಕರಡು ತೆಗೆದು, ರೇಗಡಿ ಮಣ್ಣು ಔಷಧವನ್ನು ಹಿಡಿದಿಡುತ್ತದೆ ಎಂದು ತಾವೇ ಬರೆದಿದ್ದ ಸಾಲನ್ನು ನನ್ನೆದುರಿಗೇ ಹೊಡೆದುಹಾಕಿದರು. ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟು ಗಂಡನಿದ್ದಲ್ಲಿಗೆ ಹೋದೆ.

ಎರಡು ವರ್ಷ ಕಳೆದು, ಪೆದ್ದಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ವಿಶಾಖಪಟ್ಟಣಕ್ಕೆ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡರು. ಚೀಲದಿಂದ ಮೊದಲು ಹೊರಬಂದದ್ದು ಒದ್ದೆ ಬಟ್ಟೆ ಸುತ್ತಿದ ಒಂದು ಸೀಸೆ. “ನಮ್ಮ ಬಾವಿ ನೀರು. ಅದೇ ನೀರಿನಲ್ಲಿ ಸೀಸೆ ಮೂರು ಸಲ ಗಲಬರಿಸಿ ತುಂಬಿದ್ದೇನೆ, ನೀನು ಮಾಡುತ್ತಿದ್ದ ಹಾಗೆ,” ಎಂದರು.

ಮರುದಿನ ಇಬ್ಬರೂ ಹೋಗಿ ಯಂತ್ರದ ಮುಂದೆ ಕೂತೆವು. ಈ ಸಲ ಗುಡ್ಡವೋ ಪೆನ್ನಿನ ನಡುಕವೋ ಎಂದು ಹೇಳಲಾಗದಷ್ಟು ಸಣ್ಣ ಏರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಬಹುಪಾಲು ಹೋಗಿದೆ, ಪೂರ್ತಿ ಹೋಗಿದೆ ಎನ್ನಲಾರೆ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ನೀನಾಗಿದ್ದರೆ ಕುಡಿಯುತ್ತಿದ್ದೆಯಾ?”

ನಾನು ತುಸು ತಡೆದೆ. “ಕುಡಿಯುತ್ತಿದ್ದೆ,” ಎಂದೆ.

ಪೆದ್ದಮ್ಮ ನನ್ನ ಮಾತನ್ನೂ ಕೇಳಿಸಿಕೊಂಡರು, ಅದಕ್ಕೆ ಮುಂಚಿನ ತಡೆಯನ್ನೂ ಕೇಳಿಸಿಕೊಂಡರು. “ಹಾಗಾದರೆ ಇನ್ನೊಂದು ಮಳೆಗಾಲ ನೋಡುತ್ತೇನೆ,” ಎಂದು ನನ್ನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದರು.