ದಾಸಪ್ಪ ಮಂದೆ ಕೂಡಿಸಿದ ಹೊಲ

ಬೈರಮ್ಮನ ಗಂಡ ತೀರಿಹೋದ ಮೇಲಿನ ಮೊದಲ ಬೇಸಿಗೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ಮಾತನ್ನು ಉಯ್ಯಂಬಳ್ಳಿ ಕಡೆಯ ಕುರಿಯವರು ಗಂಡಸರ ಹತ್ತಿರವೇ ಆಡುವವರು. ಹಾಗಾಗಿ ಅವಳ ಹೊಲದ ಮುಂದೆ ಬಂದವರೆಲ್ಲ ತಲೆತಗ್ಗಿಸಿ ಮುಂದಕ್ಕೆ ಹೋಗುತ್ತಿದ್ದರು. ಬೈರಮ್ಮ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಕರಿಕಂಬಳಿ ಹೊದ್ದ ಒಬ್ಬ ಗಿಡ್ಡ ಆಳು ಮಾತ್ರ ಮಂದೆಯನ್ನು ತಡೆದು, ಅವಳ ಮುಖ ನೋಡಿಯೇ ಕೇಳಿದ.

"ಅಕ್ಕ, ನಿಮ್ಮೊಲ ಕೇಳೋರು ಯಾರೂ ಇಲ್ವಾ? ನಾನ್ ಕೇಳ್ತಾ ಇವ್ನಿ. ನಿಲ್ಲುಸ್ಲಾ?"

"ನಿಲ್ಲುಸಪ್ಪ. ಮುದ್ದೆ ಉಣ್ತೀಯಲ್ಲ?"

"ಎರಡು ಉಣ್ತೀನಿ. ಆಮೇಲೆ ಬೈಬ್ಯಾಡಿ."

ಅವನೇ ದಾಸಪ್ಪ, ಅದೇ ಊರಿನ ಕುರಿಯವನು. ಆ ವರ್ಷ ಆಳೆತ್ತರ ರಾಗಿ ಬಂತು ಎಂದು ಬೈರಮ್ಮ ಇಂದಿಗೂ ಹೇಳುವುದಿಲ್ಲ. ಸೊಂಟದೆತ್ತರ ಬಂತು ಎನ್ನುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಆಮೇಲೆ ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಎದ್ದವು. ಇತ್ತ ಗುಡ್ಡಗಳನ್ನು ಕಲ್ಲಿಗಾಗಿ ಸೀಳಿದರು. ಕುರಿ ನಡೆಯುವ ದಾರಿಯನ್ನೇ ಕಲ್ಲಿನ ಲಾರಿಗಳು ಹಿಡಿದವು. ಅವುಗಳ ಹಿಂದೆಯೇ ಬೈಕಿನಲ್ಲಿ ಇನ್ಸೂರೆನ್ಸಿನ ಏಜೆಂಟ್ ಬಂದ. ಇನ್ಸೂರೆನ್ಸು ಮಾಡಿಸಿದ ಕುರಿಯ ಕಿವಿಗೆ ಹಳದಿ ಬಿಲ್ಲೆ ಚುಚ್ಚುವನು. ಕುರಿ ಸತ್ತರೆ, ಬಿಲ್ಲೆಯಿರುವ ಕಿವಿ ತೋರಿಸಿದವರಿಗೆ ಕಂಪನಿ ಪರಿಹಾರ ಕೊಡುವುದು.

ಊರಿನವರು ಆ ಬಿಲ್ಲೆಯನ್ನು ಕಿವಿಯ ವಾಲೆ ಎಂದು ಕರೆದು, ಬೇರೆಯೇ ತಿಳಿದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಮೂಗು ಚುಚ್ಚಿಸಿದರೆ ಸಾವು ಹತ್ತಿರ ಸುಳಿಯದು ಎಂಬುದು ಹಿಂದಿನವರ ನಂಬಿಕೆ. ಕುರಿಗೂ ಚುಚ್ಚಿಸಿ ಆಯಿತಲ್ಲ, ಇನ್ನೇನು ಭಯ ಎಂದುಕೊಂಡರು.

ಹೊಳೆಯಾಚೆಯ ಊರುಗಳಲ್ಲಿ ಕುರಿಸಿಡುಬು ಎದ್ದ ವರ್ಷ, ಸರ್ಕಾರದ ಪಶು ಡಾಕ್ಟರು ಐಸು ತುಂಬಿದ ಪೆಟ್ಟಿಗೆಯಲ್ಲಿ ಲಸಿಕೆ ತಂದರು. ಕೆರೆ ಏರಿಯ ಹುಣಸೆಮರದ ಕೆಳಗೆ ದಾಸಪ್ಪನ ಮಂದೆ ಬಿಟ್ಟರೆ ಒಂದು ಕುರಿಯೂ ಇಲ್ಲ.

"ಒಂದು ಸೀಸೆ ನೂರು ಕುರಿಗಾಗುತ್ತೆ ದಾಸಪ್ಪ. ಬಿಚ್ಚಿದ ಮೇಲೆ ಇಟ್ಕೊಳ್ಳೋಕೆ ಆಗಲ್ಲ, ನಿನ್ನೊಬ್ಬನ ಮಂದೆಗೆ ಬಿಚ್ಚೋಕಾಗಲ್ಲ. ಹೊತ್ತಿಳಿಯೋವರೆಗೆ ಕಾಯ್ತೀನಿ. ಉಳಿದವರು ಬರಲಿಲ್ಲ ಅಂದ್ರೆ ಪೆಟ್ಟಿಗೆ ಮುಂದಿನ ಊರಿಗೆ ಹೋಗುತ್ತೆ" ಎಂದರು ಡಾಕ್ಟರು.

ದಾಸಪ್ಪ ಓಡಿದ್ದು ಚಿಕ್ಕಯ್ಯನ ಮನೆಗೆ. ಊರಿನ ದೊಡ್ಡ ಮಂದೆ ಅವನದು; ಅವನು ಎದ್ದರೆ ಉಳಿದವರೂ ಏಳುತ್ತಾರೆ. ಎದುರುಮನೆ ಬೈರಮ್ಮನದು. ಅವಳು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ನನ್ ಕುರಿಗೆಲ್ಲ ವಾಲೆ ಆಗೈತೆ ಕಣ್ಲಾ ದಾಸ" ಎಂದ ಚಿಕ್ಕಯ್ಯ. "ನಿನ್ ಹೆಂಡ್ರಿಗೆ ಇಲ್ದಿರೋ ವಾಲೆ ನನ್ ಕುರಿಗೈತೆ!"

"ಐತೆ ಐತೆ. ಸಿಡುಬು ಬಂದು ವಾಲೆ ನೋಡಿ ಕೈ ಮುಗ್ದು ವಾಪಸ್ ಓಯ್ತದಾ? ಅದು ಕುರಿ ಕಾಯೋ ವಾಲೆ ಅಲ್ಲ ಕಣ್ಲಾ, ಸತ್ ಕುರಿ ಗುರ್ತು ಯೋಳೋ ವಾಲೆ."

"ಸತ್ರೆ ಕಂಪ್ನಿ ಕೊಡ್ತದಲ್ಲ?"

"ಲಾರಿ ಅತ್ತುದ್ರೆ, ಸಿಡ್ಲು ವಡುದ್ರೆ ಕೊಡ್ಲಿ. ಅದು ಒಬ್ಬನ ಮನೆ ಕೇಡು. ಅದುಕ್ಕೆ ನಾನೂ ಒಸಿ ಕುರಿಗೆ ಮಾಡ್ಸಿವ್ನಿ. ಸಿಡುಬು ಊರ ಕೇಡು. ನಿನ್ ಕುರಿಗೆ ಬಂದ್ರೆ ನನ್ ಕುರಿಗೂ ಬಂದಂಗೆ. ಊರ ಕೇಡ್ನ ಸರ್ಕಾರವೇ ನೋಡ್ಬೇಕು."

"ಸರ್ಕಾರದ್ದು ಪುಕ್ಸಟ್ಟೆ ಔಸ್ದಿ. ಪುಕ್ಸಟ್ಟೆದು ನಾಟ್ತದೇನ್ಲಾ?"

"ಪುಕ್ಸಟ್ಟೆ ಅಂದೋರ್ ಯಾರ್ಲಾ? ನೀನ್ ಸೇದೋ ಬೀಡಿಲೂ ತೆರಿಗೆ ಐತೆ. ನಿನ್ ಸೂಜಿನ ನೀನೇ ಬ್ಯಾಡ ಅಂತೀಯಲ್ಲ, ಬೆಪ್ಪ!"

ಚಿಕ್ಕಯ್ಯ ನಕ್ಕ, ಏಳಲಿಲ್ಲ. ಹುಣಸೆಮರದ ನೆರಳು ಆಗಲೇ ಉದ್ದವಾಗಿತ್ತು. ದಾಸಪ್ಪ ಬೀದಿ ದಾಟಿ ಬಂದ.

"ಅಕ್ಕ, ಇವತ್ತು ನಿಮ್ಮೊಲಕ್ಕೆ ಕೂಡುಮಂದೆ ಕರೀತೀರಾ?"

ಕೂಡುಮಂದೆ ಎಂದರೆ ಊರಿನ ಮಂದೆಗಳೆಲ್ಲ ಒಂದೇ ಹೊಲದಲ್ಲಿ ನಿಲ್ಲುವುದು. ಹೊಲದವರು ಕರೆದಾಗ ಬಾರದ ಕುರಿಯವನನ್ನು ಆ ಬೇಸಿಗೆ ಬೇರೆ ಯಾರೂ ಕರೆಯುವುದಿಲ್ಲ. ಬೈರಮ್ಮನಿಗೆ ಅರ್ಥವಾಯಿತು. ಮೊರ ಕೆಳಗಿಟ್ಟು ಬೀದಿಗಿಳಿದಳು.

"ಚಿಕ್ಕಯ್ಯ, ಇವತ್ತು ಕೂಡುಮಂದೆ ನನ್ನೊಲಕ್ಕೆ. ಅವರೆಕಾಳು ಸಾರು, ಮುದ್ದೆ. ಸೂಜಿ ಆಗ್ದಿರೋ ಕುರಿ ಮಾತ್ರ ನನ್ ಬದ ದಾಟ್ಬಾರ್ದು."

"ಇದೇನಮ್ಮೋ, ಸಾರ್ಗೂ ಸೂಜಿ ಆಕ್ತೀರಾ?" ಎಂದು ಗೊಣಗುತ್ತಲೇ ಚಿಕ್ಕಯ್ಯ ಕೋಲು ತೆಗೆದುಕೊಂಡ. ಅವನ ಹಿಂದೆ ಉಳಿದವರೂ ಎದ್ದರು.

ಡಾಕ್ಟರು ಪೆಟ್ಟಿಗೆಯನ್ನು ಬೈರಮ್ಮನ ಬದುವಿಗೇ ತಂದರು. ಬೇಲಿಯ ಕಂಡಿಯಲ್ಲಿ ದಾಸಪ್ಪ ಒಂದೊಂದೇ ಕುರಿಯನ್ನು ಮೊಣಕಾಲ ನಡುವೆ ಹಿಡಿದು ಕೊಟ್ಟ. ಚಿಕ್ಕಯ್ಯನ ಕುರಿ ಬಂದಾಗ ಅದರ ಬಿಲ್ಲೆ ಸವರಿ, "ವಾಲೆನೂ ಆಯ್ತು, ಸೂಜಿನೂ ಆಯ್ತು. ಈಗ ಮದ್ಲಗಿತ್ತಿ ಕಣವ್ವ ನೀನು" ಎಂದ. ಚಿಕ್ಕಯ್ಯನಿಗೂ ನಗದೆ ಇರಲಾಗಲಿಲ್ಲ.

ಆ ವರ್ಷ ಸಿಡುಬು ಪಕ್ಕದ ಊರಿನವರೆಗೂ ಬಂತು. ಇವರ ಊರಿಗೆ ಕಾಲಿಡಲಿಲ್ಲ. ಪೆಟ್ಟಿಗೆ ಮುಂದಿನ ಬೇಸಿಗೆಯಿಂದ ಹುಣಸೆಮರದ ಕೆಳಗೆ ಇಳಿಯಲಿಲ್ಲ, ನೇರ ಬೈರಮ್ಮನ ಹೊಲಕ್ಕೇ ಬಂತು. ಯಾರಾದರೂ ಅದನ್ನು ಬೈರಮ್ಮನ ಹೊಲ ಎಂದರೆ ಅವಳು ತಿದ್ದುತ್ತಾಳೆ: "ದಾಸಪ್ಪ ಮಂದೆ ಕೂಡ್ಸಿದ್ ವಲ ಅನ್ನಿ."

ದಾಸಪ್ಪನ ಕಾಲು ಸೋತ ವರ್ಷ ಅವನು ಕಂಡಿಯಲ್ಲಿ ನಿಲ್ಲಲಿಲ್ಲ, ಚಿಕ್ಕಯ್ಯ ನಿಂತ. ಕುರಿಗಳಿಗೆಲ್ಲ ಸೂಜಿ ಹಾಕಿ ಮುಗಿದ ಕೂಡಲೇ ಬೈರಮ್ಮ ಮುದ್ದೆಯ ತಟ್ಟೆ ಹಿಡಿದು ದಾಸಪ್ಪನ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದ. ತಟ್ಟೆಯತ್ತ ನೋಡಲಿಲ್ಲ. ಮೊದಲ ದಿನದ ಹಾಗೇ ಅವಳ ಮುಖ ನೋಡಿ ಕೇಳಿದ. ಅದೇ ಅವನು ಅವಳನ್ನು ಕೇಳಿದ ಕೊನೆಯ ಮಾತು.

"ಯಾರ್ದೂ ಉಳ್ಕಳ್ಳಿಲ್ಲ ತಾನೇ, ಅಕ್ಕ?"