ಹುಟ್ಟದೇ ಸತ್ತ ನನ್ನ ಗಂಡ

ನನ್ನ ಗಂಡ ಸುರಪುರದಲ್ಲಿ ತೀರಿಕೊಂಡ. ಅದಕ್ಕೂ ಮೊದಲು ಅವನು ಎಲ್ಲೂ ಹುಟ್ಟಿರಲಿಲ್ಲ. ನಮ್ಮೂರು ಕುಂದಾಪುರದಲ್ಲಿ ಕೂತು ಇದನ್ನು ಓದುವವರು ನಗಬೇಡಿ ಮಾರಾಯ್ರೇ, ನಾನು ಅವನಿಗಾಗಿ ನಿಜವಾಗಿಯೂ ಅತ್ತಿದ್ದೇನೆ.

ಯಾದಗಿರಿಯಲ್ಲಿ ರೈಲಿಳಿದು, ಇಲ್ಲಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಲು ಬಂದ ಹೊಸದರಲ್ಲಿ ನನಗೊಂದು ಖೋಲಿ ಸಿಗಲಿಲ್ಲ. ಖೋಲಿ ಎಂದರೆ ಕೋಣೆ. ನಮ್ಮೂರಲ್ಲಾದರೆ ಸುತ್ತಿ ಬಳಸಿ ವಿಚಾರಿಸಿ, ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಇಲ್ಲಿ ಬಾಗಿಲಲ್ಲೇ ನಿಲ್ಲಿಸಿ, ಯಾವ ಮಂದಿ, ಮನೆಯವರು ಎಲ್ಲಿ ಎಂದು ನೇರ ಕೇಳುತ್ತಾರೆ. ಮನೆಯವರು ಎಂದರೆ ಗಂಡ. ನಲವತ್ತು ದಾಟಿದವಳಿಗೆ ಮದುವೆಯಾಗಿಲ್ಲ ಎಂದ ಕೂಡಲೇ ಖೋಲಿ ಖಾಲಿ ಇಲ್ಲ ಎನ್ನುತ್ತಿದ್ದರು. ಕೊನೆಗೆ ಕಿರಾಣಿ ಅಂಗಡಿಯ ನೀಲಮ್ಮ ತಮ್ಮ ಮನೆಯ ಮಹಡಿಯ ಖೋಲಿ ಕೊಟ್ಟರು. ನಾನು ಸಾಮಾನು ಇಳಿಸುತ್ತಿದ್ದಾಗ ಒಂದು ಕರಿಮಣಿ ಸರ ಕೈಗಿಟ್ಟು ಮೆಲ್ಲಗೆ ಹೇಳಿದರು:

“ನಿಮ್ಮ ಮನಿಯವರು ಮಿಲ್ಟ್ರ್ಯಾಗ ಅದಾರಂತ ಓಣ್ಯಾಗ ಹೇಳೀನ್ರಿ. ನೀವು ಸುಮ್ಮನಿದ್ರ ಸಾಕು.”

ಸುಮ್ಮನಿದ್ದೆ. ಖೋಲಿ ಬೇಕಿತ್ತು.

ಕಾಲೇಜಿನಲ್ಲಿ ಅಸ್ತಿತ್ವವಾದ ಕಲಿಸುತ್ತಿದ್ದೆ. ರೊಟ್ಟಿ ಹಂಚು ಮಾಡುವವನ ತಲೆಯಲ್ಲಿ ಅದು ಯಾತಕ್ಕೆ ಎಂಬುದು ಮೊದಲೇ ಇರುತ್ತದೆ, ಹಂಚು ಆಮೇಲೆ ಹುಟ್ಟುತ್ತದೆ. ಮನುಷ್ಯನದು ಉಲ್ಟಾ. ಅವನು ಮೊದಲು ಸುಮ್ಮನೆ ಇರುತ್ತಾನೆ, ಏನು ಎಂಬುದು ಅವನು ಮಾಡುವುದರಿಂದ ಆಗುತ್ತದೆ. ಆದ್ದರಿಂದ ಸ್ವಾತಂತ್ರ್ಯವೆಂಬುದು ತಪ್ಪಿಸಿಕೊಳ್ಳಲಾಗದ ಶಿಕ್ಷೆ. ಆಯ್ದುಕೊಳ್ಳದೆ ಕೂರುವುದೂ ಆಯ್ಕೆಯೇ. ಬೇರೆ ದಾರಿ ಇರಲಿಲ್ಲ ಎನ್ನುವವನು ತನಗೇ ಸುಳ್ಳು ಹೇಳಿಕೊಳ್ಳುತ್ತಿದ್ದಾನೆ. ಹೀಗೆ ಭಾಷಣ ಬಿಗಿಯುವಾಗ ಮುಂದಿನ ಬೆಂಚಿನಲ್ಲಿ ನೀಲಮ್ಮನವರ ಮೊಮ್ಮಗಳು ಕವಿತಾ ಕೂತಿರುತ್ತಿದ್ದಳು. ನನಗೆ ಗಂಡನಿಲ್ಲವೆಂದು ಓಣಿಯಲ್ಲಿ ಅಜ್ಜಿಯನ್ನು ಬಿಟ್ಟರೆ ಅವಳಿಗೊಬ್ಬಳಿಗೇ ಗೊತ್ತಿತ್ತು.

ಓಣಿಯ ಹೆಂಗಸರು ಕೇಳಿ ಕೇಳಿಯೇ ಅವನನ್ನು ಬೆಳೆಸಿದರು. ಅವನಿಗೆ ಹಿಮದ ನಾಡಿನಲ್ಲಿ ಡ್ಯೂಟಿ ಹಾಕಿದರು, ಕೆಮ್ಮು ತರಿಸಿದರು, ರಜೆ ಸಿಗುತ್ತಿಲ್ಲವೆಂದು ಸರ್ಕಾರವನ್ನು ಬೈದರು. ಇತರರ ನೋಟ ನಮ್ಮನ್ನು ಕಲ್ಲಿನಂತೆ ಗಟ್ಟಿಮಾಡಿಬಿಡುತ್ತದೆ, ಎಚ್ಚರ ಎಂದು ಪಾಠ ಹೇಳುತ್ತಿದ್ದ ನನಗೆ ಆ ನೋಟ ಹಿತವಾಗಿತ್ತು. ಶ್ರಾವಣದಲ್ಲಿ ನನಗೆ ಉಡಿ ತುಂಬಿದರು. ಮುತ್ತೈದೆಯ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ ಹಾಕಿ ಹರಸುವ ಪದ್ಧತಿ ಅದು. ಕುಂದಾಪುರದ ಮದುವೆಮನೆಗಳಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಬಡಿಸುವ ಕೆಲಸ ಮಾತ್ರ. ಮೀನು ಸಿಗದ ಈ ಊರಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಿನ್ನುತ್ತ, ಅಂತೂ ಒಂದು ಕಡೆಯವಳಾದೆ ಎಂದುಕೊಂಡೆ.

ಆಮೇಲೆ ಕವಿತಾಳಿಗೆ ಗುರುಮಠಕಲ್ಲಿನ ಹುಡುಗ ಗೊತ್ತಾದ. ಅವಳಿಗೆ ಕಲಬುರಗಿಯಲ್ಲಿ ಎಂ.ಎ. ಓದುವ ಆಸೆಯಿತ್ತು, ಅದನ್ನು ಯಾರೂ ಕೇಳಲಿಲ್ಲ. ಮದುಮಗಳಿಗೆ ಮೊದಲ ಉಡಿ ಮೇಡಮ್ಮೇ ತುಂಬಲಿ ಎಂದು ಓಣಿಯ ಹೆಂಗಸರು ತೀರ್ಮಾನಿಸಿದರು. ಮರುದಿನ ನೀಲಮ್ಮ ಮುಖ ಸಣ್ಣದು ಮಾಡಿಕೊಂಡು ಮೇಲೆ ಬಂದರು.

“ತಪ್ಪು ತಿಳೀಬ್ಯಾಡ್ರಿ. ಮದುವಿ ಆಗದಾಕಿ ಉಡಿ ತುಂಬಿದ್ರ ಹುಡುಗಿಗಿ ಒಳ್ಳೇದಲ್ಲ. ನಾ ಸುಳ್ಳು ಹೇಳೀನಂತ ಮಂದಿ ಮುಂದ ಹೆಂಗ ಹೇಳ್ಲಿ? ನಿಮ್ಮ ಮನಿಯವರು ತೀರಿಕೊಂಡ್ರಂತ ಹೇಳಿ ಬಂದೀನಿ.”

ಎಂಥ ಹೆಂಗಸು ನೋಡಿ. ಮಾನ ಉಳಿಸಿಕೊಳ್ಳಲು ಒಬ್ಬ ಸಿಪಾಯಿಯನ್ನೇ ಕೊಂದು ಬಂದಿದ್ದರು. ಕೆಳಗೆ ಆಗಲೇ ಅಳು ಕೇಳಿಸುತ್ತಿತ್ತು. ಅಜ್ಜಿ ಇಳಿದು ಹೋದದ್ದೇ ಕವಿತಾ ಬಂದಳು.

“ಕೆಳಗ ಬಂದು ಇದು ಸುಳ್ಳದ ಅನ್ರಿ ಮೇಡಮ್. ನೀವು ಖರೇ ಹೇಳಿದ್ರ ನಾನೂ ಅಲ್ಲೇ ನಿಂತು ಈ ಮದುವಿ ಒಲ್ಲೆ ಅಂತೀನಿ. ಒಬ್ಬಾಕಿಗೇ ಧೈರ್ಯ ಸಾಲವಲ್ದು.”

ಇಳಿದು ಹೋದೆ. ಒಬ್ಬಳು ತಬ್ಬಿಕೊಂಡು ಗೋಳಾಡಿದಳು. ಇನ್ನೊಬ್ಬಳು ಗಾಜು ಚುಚ್ಚದಂತೆ ಜೋಪಾನವಾಗಿ ನನ್ನ ಬಳೆ ಒಡೆದಳು, ಕರಿಮಣಿ ಬಿಚ್ಚಿದಳು, ಸೆರಗಿನ ತುದಿಯಿಂದ ಕುಂಕುಮ ಒರೆಸಿ ವಿಭೂತಿ ಹಚ್ಚಿದಳು. ಕವಿತಾ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಖೋಲಿ ಹೋಗುತ್ತಿತ್ತು, ಓಣಿಯೂ ಹೋಗುತ್ತಿತ್ತು. ಬಾಯಿ ತೆರೆದೆ, ಅಳು ಬಂತು. ನಾಟಕವಲ್ಲ, ನಿಜವಾದ ಅಳು. ನನಗಾಗಿ ಇಷ್ಟು ಜನ ಹಿಂದೆಂದೂ ಅತ್ತಿರಲಿಲ್ಲ. ಕಣ್ಣೊರೆಸಿಕೊಂಡು ನೋಡಿದಾಗ ಬಾಗಿಲಲ್ಲಿ ಅವಳಿರಲಿಲ್ಲ.

ಮದುವೆಯಾಯಿತು. ನನ್ನ ಪಾಲಿನ ಹೋಳಿಗೆಯನ್ನು ಮೇಲಕ್ಕೇ ಕಳಿಸಿದರು. ಪಂಚಮಿಗೆ ತವರಿಗೆ ಬಂದ ಕವಿತಾ ನನ್ನ ಖೋಲಿಗೂ ಬಂದು, ಕಾಲು ಮುಟ್ಟಿ ನಮಸ್ಕಾರ ಮಾಡಿ, ನಗುತ್ತಲೇ ಅಂದಳು:

“ಇಬ್ಬರಿಗೂ ಬ್ಯಾರೆ ದಾರಿನೇ ಇದ್ದಿದ್ದಿಲ್ಲ, ಹೌದಲ್ರಿ ಮೇಡಮ್?”

ಹೌದು ಎಂದೆ. ಪಾಠ ಅವಳಿಗೆ ಚೆನ್ನಾಗಿ ತಲೆಗೆ ಹೋಗಿತ್ತು.

ದಸರಾ ರಜೆಗೆ ಕುಂದಾಪುರಕ್ಕೆ ಹೋದೆ. ಅಲ್ಲಿ ನಾನು ಯಥಾಪ್ರಕಾರ ಮದುವೆಯಾಗದೆ ಉಳಿದವಳು, ಯಾರಿಗೂ ಏನೂ ಅಲ್ಲದವಳು. ಪೂಜೆ ಮುಗಿಸಿದ ಅತ್ತಿಗೆ ಎಂದಿನಂತೆ ಕುಂಕುಮದ ಬಟ್ಟಲು ಮುಂದೆ ಹಿಡಿದರು. ನೀಲಮ್ಮನಿರಲಿಲ್ಲ, ಓಣಿಯಿರಲಿಲ್ಲ, ನೋಡುವವರು ಯಾರೂ ಇರಲಿಲ್ಲ. ನನ್ನ ಕೈ ಮುಂದೆ ಹೋಗಲಿಲ್ಲ. ಯಾಕೆ, ಏನಾಯಿತು ಎಂದು ಅತ್ತಿಗೆ ಕೇಳಿದರು. ಮನೆಯವರು ಹೋಗಿ ಇನ್ನೂ ವರ್ಷವಾಗಿಲ್ಲ ಎಂಬ ಮಾತು ತುಟಿಯವರೆಗೆ ಬಂತು, ನುಂಗಿಕೊಂಡೆ.