ಗೋಡೆಯ ಮೇಲಿನ ಕೆಂಪು ಸೀರೆ

ಜಾವಗಲ್‌ನ ಶಾಲೆಯೊಂದರ ಕಾಂಪೌಂಡ್ ಗೋಡೆಗೆ ಸಂತೆಯ ಚಿತ್ರ ಬರೆಯುವ ಕೆಲಸ ನನಗೆ ಬಂದಿತ್ತು. ಅರಸೀಕೆರೆಯಲ್ಲಿ ಅಂಗಡಿಗಳ ಬೋರ್ಡು ಬರೆದುಕೊಂಡಿದ್ದವನು ನಾನು. ಫ್ಲೆಕ್ಸ್ ಬಂದ ಮೇಲೆ ಶಾಲೆಯ ಗೋಡೆಗಳಷ್ಟೇ ಉಳಿದಿವೆ. ಗೋಡೆಯ ಎದುರಿಗೆ ರಸ್ತೆ, ರಸ್ತೆಯ ಆಚೆ ನಿಜವಾದ ಸಂತೆ. ನೋಡಿಕೊಂಡು ಬರೆದರಾಯಿತು ಎಂದುಕೊಂಡಿದ್ದೆ.

ಸಂತೆ ಬಣ್ಣಬಣ್ಣವಾಗಿರುತ್ತದೆ ಎನ್ನುತ್ತಾರೆ. ನಿಂತು ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಗೋಣಿ ಮತ್ತು ಮಣ್ಣು. ಹಾಗೇ ಬರೆದರೆ ಗೋಡೆಗೆ ಜೀವ ಬರುವುದಿಲ್ಲ. ಎಲ್ಲ ಕಡೆ ಗಾಢ ಬಣ್ಣ ಬಳಿದರೂ ಬರುವುದಿಲ್ಲ, ಒಂದು ಇನ್ನೊಂದನ್ನು ನುಂಗುತ್ತದೆ. ಒಂದು ಕಡೆ ಉರಿಯಬೇಕಾದರೆ ಸುತ್ತ ತಣ್ಣಗಿರಬೇಕು. ನೆರಳಿಗೆ ಕಪ್ಪು ಹಾಕಬಾರದು. ಕಾವಿಗೆ ನೀಲಿ ಬೆರೆಸಿದರೆ ಟಾರ್ಪಾಲಿನ ಕೆಳಗಿನ ನೆರಳು ಬರುತ್ತದೆ, ಅದಕ್ಕೆ ತಾಗಿದಂತೆ ತೆಳು ಹಳದಿ ಎಳೆದರೆ ಬಿಸಿಲು. ಆಮೇಲೆ ರಸ್ತೆ ದಾಟಿ ಹೋಗಿ, ಕಣ್ಣು ಕಿರಿದು ಮಾಡಿ, ಮೊದಲು ಯಾವುದು ಕಾಣುತ್ತದೆ ಎಂದು ನೋಡಬೇಕು.

ಕೊಬ್ಬರಿ ಚೀಲಗಳ ಸಾಲಿನ ಮುಂದೆ ವೀಳ್ಯದೆಲೆ ಮಾರುವ ವಯಸ್ಸಾದ ಹೆಂಗಸೊಬ್ಬರು ಕೂರುತ್ತಿದ್ದರು. ಮೊದಲು ಕಾಣಬೇಕಾದ್ದು ಅವರೇ ಎಂದು ತೀರ್ಮಾನಿಸಿದೆ. ಎಲೆಯ ಹಸಿರಿನ ಪಕ್ಕ ಕೆಂಪು ಇಟ್ಟರೆ ಎರಡೂ ಎದ್ದು ನಿಲ್ಲುತ್ತವೆ. ಅವರಿಗೆ ಕೆಂಪು ಸೀರೆ ಉಡಿಸಿದೆ.

ಎರಡನೆಯ ಸಂತೆಯ ದಿನ ಅವರು ಎದ್ದು ಬಂದು ಗೋಡೆಯ ಮುಂದೆ ನಿಂತರು. ಶಾಲೆಯ ಗೋಡೆ ಬರೆಯುವವನೆಂದು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು.

"ಯಾರ್ ಮೇಷ್ಟ್ರೇ ಇವ್ಳು?"

"ನೀವೇ ಕಣಮ್ಮ."

"ನಾನಾ? ಮದ್ವೇಲೂ ಇಂಥಾ ಕೆಂಪ್ ಉಟ್ಟಿರ್ಲಿಲ್ಲ. ಎಲೆ ಯಾಕಿಷ್ಟ್ ಬಲ್ತೈತೆ? ಇದನ್ನ ದನಾನೂ ಮೂಸಾಕಿಲ್ಲ."

ಅವರು ಹೋದ ಮೇಲೆ ಎಲೆಗೆ ಸ್ವಲ್ಪ ಹಳದಿ ಸೇರಿಸಿದೆ.

ಮೂರನೆಯ ಸಂತೆಯ ದಿನ ಬೆಳಗಿನಿಂದ ತುಂತುರು ಹನಿ. ಗೋಡೆಗೆ ಟಾರ್ಪಾಲು ಕಟ್ಟಿಕೊಂಡು ಅದೇ ಸೀರೆಯ ಅಂಚು ಬರೆಯುತ್ತಿದ್ದೆ. ಸೆರಗಿನ ಮಡಿಕೆ ಹೇಗೆ ಬೀಳುತ್ತದೆ ನೋಡೋಣವೆಂದು ತಿರುಗಿದೆ. ತೆಂಗಿನಕಾಯಿ ತುಂಬಿದ ಗೂಡ್ಸ್ ಆಟೊವೊಂದು ಚೀಲಗಳ ಕಡೆಗೆ ಹಿಂದಕ್ಕೆ ಬರುತ್ತಿತ್ತು. ಅದನ್ನು ನೋಡಿದೆ. ಹೆಂಗಸನ್ನು ಹುಡುಕಿದೆ, ಕಾಣಲಿಲ್ಲ. ಎಲ್ಲೋ ಟೀ ಕುಡಿಯಲು ಹೋಗಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಕೂಗು ಕೇಳಿಸಿತು.

ಓಡಿಹೋದಾಗ ಬುಟ್ಟಿ ಮಗುಚಿತ್ತು, ಅವರ ಎಡಗಾಲು ಚಕ್ರದ ಕೆಳಗಿತ್ತು. ನಾಲ್ಕು ಜನ ಸೇರಿ ಆಟೊವನ್ನು ಒಂದು ಕಡೆ ಎತ್ತಿ, ಅವರನ್ನು ಎಳೆದು ಆಸ್ಪತ್ರೆಗೆ ಕಳಿಸಿದೆವು. ನನ್ನ ಕೈಯಲ್ಲಿ ಇನ್ನೂ ಬ್ರಷ್ಷು ಇತ್ತು ಎಂದು ಆಮೇಲೆ ಯಾರೋ ಹೇಳಿದರು.

ಮಧ್ಯಾಹ್ನ ಪೊಲೀಸಿನವರು ಕೇಳಿದರು, "ಏನ್ ಉಟ್ಟಿದ್ರು ಆ ಯಮ್ಮ? ಕಾಣೋ ಹಂಗೆ ಕೂತಿದ್ರಾ?"

"ಕೆಂಪು ಸೀರೆ. ದೂರಕ್ಕೂ ಕಾಣ್ತಿತ್ತು" ಎಂದೆ. ತಡವರಿಸಲೂ ಇಲ್ಲ. ಸಹಿ ಹಾಕಿದೆ.

ಮೂರು ದಿನ ಬಿಟ್ಟು ಆ ಆಟೊದವನು ಅರಸೀಕೆರೆಯ ನಮ್ಮ ಮನೆಗೆ ಬಂದ. ಕಣಕಟ್ಟೆ ಕಡೆಯವನು, ನಲವತ್ತರ ಆಸುಪಾಸು. ಒಳಗೆ ಕರೆದರೂ ಬರಲಿಲ್ಲ.

"ಅಣ್ಣ, ಕೆಂಪ್ ಸೀರೆ ಅಂತ ಬರ್ಸಿದ್ದೀರಂತೆ. ಕೆಂಪ್ ಕಂಡೂ ಹತ್ತಿಸ್ದ ಅಂದ್ರೆ ಲೈಸೆನ್ಸ್ ಹೋಯ್ತದೆ, ಜೈಲೂ ಆಯ್ತದೆ. ಸುಳ್ ಹೇಳಿ ಅಂತ ಕೇಳಾಕ್ ಬಂದಿಲ್ಲ. ಗೋಡೆ ನೋಡ್ಕಂಡ್ ಹೇಳಿದ್ರಾ, ಆ ಯಮ್ಮನ್ನ ನೋಡ್ಕಂಡ್ ಹೇಳಿದ್ರಾ, ಅಷ್ಟ್ ಹೇಳಿ ಸಾಕು."

"ನೆನಪು ಮಾಡ್ಕೊಂಡು ಹೇಳ್ತೀನಿ" ಎಂದೆ. ಅವನು "ಬತ್ತೀನಿ ಅಣ್ಣ" ಎಂದು ಹೋದ.

ಕೂತು ಮೊದಲಿನಿಂದ ನೆನೆಸಿಕೊಂಡೆ. ನಮ್ಮ ಕಡೆ ಹನಿ ಬಿದ್ದಾಗ ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಚಿ, ಕೊಪ್ಪೆ ಮಾಡಿ, ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುತ್ತಾರೆ. ಚಕ್ರದ ಕೆಳಗಿನಿಂದ ಅವರನ್ನು ಎಳೆದಾಗ ನನ್ನ ಅಂಗೈಗೆ ಸಿಕ್ಕಿದ್ದು ಒದ್ದೆ ಗೋಣಿ. ಹಿಂದೆ ಗೋಣಿಚೀಲಗಳು, ಮೇಲೆ ಗೋಣಿಕೊಪ್ಪೆ. ಒಳಗಿನ ಸೀರೆಯ ಬಣ್ಣ ನನಗೆ ಗೊತ್ತೇ ಇರಲಿಲ್ಲ. ಅವರು ಎಲ್ಲಿಗೂ ಹೋಗಿರಲಿಲ್ಲ. ನಾನು ತಿರುಗಿದಾಗ ನನ್ನ ಕಣ್ಣು ಕೆಂಪನ್ನು ಹುಡುಕಿತ್ತು. ಕೆಂಪು ಇರಲಿಲ್ಲ, ಅದಕ್ಕೇ ಅಲ್ಲಿ ಯಾರೂ ಇಲ್ಲವೆಂದುಕೊಂಡೆ. ಕೂಗಿ ಹೇಳುವಷ್ಟು ಸಮಯ ಇತ್ತು.

ಮರುದಿನ ಪೊಲೀಸ್ ಸ್ಟೇಷನ್ನಿಗೆ ಹೋಗಿ, ನನ್ನ ಹೇಳಿಕೆ ತಿದ್ದಬೇಕು ಎಂದೆ.

"ಏನ್ರೀ ಇದು, ಅವತ್ತೊಂದು ಇವತ್ತೊಂದು? ಯಾರಾದ್ರೂ ಹೆದರ್ಸಿದ್ರಾ?"

"ಇಲ್ಲ ಸಾರ್. ತಪ್ಪು ಹೇಳಿದ್ದೆ."

"ಡ್ರೈವರ್ ಬಂದಿದ್ನಾ?"

"ಬಂದಿದ್ದ. ಯಾವುದು ನೋಡಿ ಹೇಳಿದೆ ಅಂತ ಕೇಳಿದ. ಅದನ್ನೂ ಬರ್ಕೊಳ್ಳಿ."

ಅವರು ಬೇಸರದಿಂದ ಇನ್ನೊಂದು ಹಾಳೆ ತೆಗೆದರು. ಹೆಂಗಸು ಗೋಣಿಕೊಪ್ಪೆ ಹಾಕಿದ್ದರು, ಚೀಲಗಳಿಗೂ ಅವರಿಗೂ ವ್ಯತ್ಯಾಸ ತಿಳಿಯುವಂತಿರಲಿಲ್ಲ. ನಾನೂ ಆ ಕಡೆ ನೋಡಿದೆ, ನನಗೂ ಕಾಣಲಿಲ್ಲ. ಡ್ರೈವರ್ ಹಾರ್ನ್ ಮಾಡಿದ್ದು ನಾನು ಕೇಳಲಿಲ್ಲ, ಹಿಂದೆ ನೋಡಿ ಹೇಳುವವರನ್ನೂ ಅವನು ನಿಲ್ಲಿಸಿರಲಿಲ್ಲ. ಇಷ್ಟು ಬರೆಸಿ ಸಹಿ ಹಾಕಿದೆ. ಅವನಿಗೆ ಇದರಿಂದ ಎಷ್ಟು ಅನುಕೂಲವಾಗುತ್ತದೋ ತಿಳಿಯದು. ಕೇಸು ಇನ್ನೂ ನಡೆಯುತ್ತಿದೆ.

ಗೋಡೆ ಮಾತ್ರ ಅರ್ಧಕ್ಕೆ ನಿಂತಿತ್ತು. ಮುಗಿಸುವ ಮೊದಲು ಹೆಂಗಸಿನ ಮನೆಗೆ ಹೋದೆ. ಕಾಲಿಗೆ ಬ್ಯಾಂಡೇಜು, ಜಗುಲಿಯಲ್ಲಿ ಕೂತಿದ್ದರು. ಎರಡು ಹೇಳಿಕೆಗಳ ವಿಷಯವನ್ನೂ, ನನಗೆ ಕಾಣದೆ ಹೋದದ್ದನ್ನೂ ಹೇಳಿದೆ. ಸೀರೆಯ ಬಣ್ಣ ಬದಲಾಯಿಸುತ್ತೇನೆ ಎಂದೆ.

ಅವರು ಬ್ಯಾಂಡೇಜಿನ ಕಾಲನ್ನು ಮೆಲ್ಲಗೆ ಸರಿಸಿಕೊಂಡರು.

"ಕೆಂಪೇ ಇರ್ಲಿ ಬಿಡಿ. ಅಲ್ಲಾದ್ರೂ ಕಾಣ್ಲಿ. ಕೊಪ್ಪೆ ಒಂದ್ ಬರೀರಿ, ಮಳೆ ಬಂದ್ರೆ ಏನ್ ಮಾಡ್ಲಿ?"

ತಲೆಗೆ ಕೊಪ್ಪೆ ಹಾಕಿದರೆ ಕೆಂಪು ಅಡಗುತ್ತದೆ. ಮಡಚಿ ಅವರ ಮೊಣಕಾಲಿನ ಪಕ್ಕ ಇಟ್ಟಂತೆ ಬರೆದೆ. ಹಿಂದಿನ ಚೀಲಗಳಿಗೆ ಕಲಸಿದ್ದ ಬಣ್ಣದಲ್ಲೇ, ನೆರಳಿಗೆ ಒಂದು ಗೆರೆ ನೀಲಿ ಹೆಚ್ಚು. ರಸ್ತೆ ದಾಟಿ ಹೋಗಿ ಕಣ್ಣು ಕಿರಿದು ಮಾಡಿ ನೋಡಿದೆ. ಸೀರೆ ಕಂಡಿತು, ಎಲೆ ಕಂಡಿತು. ಕೊಪ್ಪೆ ಕಾಣಲಿಲ್ಲ. ತಿರುಗಿ ಗೋಡೆಯ ಹತ್ತಿರ ಬಂದು, ಅದು ಇದೆಯೆಂದು ಕೈಯಿಟ್ಟು ನೋಡಿ, ಬ್ರಷ್ಷು ತೊಳೆದೆ.